ಮಿಸೆಸ್ ಹ್ಯಾಡೋ ಮತ್ತು ಹನ್ನೊಂದು ಪುಟದ ವರದಿ

ಗ್ಲೆನಿಸ್ ಹ್ಯಾಡೋ ನಮ್ಮ ವಂಗನೂಯಿ ಊರಿನ ಶಾಲೆಯಲ್ಲಿ ಇಪ್ಪತ್ತೆರಡು ವರ್ಷ ಪುಟ್ಟ ಮಕ್ಕಳಿಗೆ ಬರೆಯಲು ಕಲಿಸಿದರು. ಆಮೇಲೆ ತಾವೇ ಓದಿ ಆಪ್ತಸಮಾಲೋಚಕಿಯಾದರು. ಈಗ ಅರವತ್ತಮೂರರಲ್ಲಿ ಆಪ್ತಸಮಾಲೋಚಕರಿಗೇ ಬರೆಯಲು ಕಲಿಸುತ್ತಾರೆ. ಮಕ್ಕಳೇ ವಾಸಿ ಎಂಬುದು ಅವರ ತೀರ್ಪು.

ಕಲಿಸುವುದು ಒಂದೇ ವಿದ್ಯೆ: ಆರಂಭಿಕ ಯೋಜನಾ ವರದಿ. ಲೈಂಗಿಕ ದೌರ್ಜನ್ಯ ಅನುಭವಿಸಿದವರ ಚಿಕಿತ್ಸೆಗೆ ಸರ್ಕಾರಿ ಪರಿಹಾರ ಕಚೇರಿ ಹಣ ಕೊಡಬೇಕಾದರೆ, ಮೊದಲ ಕೆಲವು ಭೇಟಿಗಳಾದ ಮೇಲೆ ನಾವು ಇದನ್ನು ಬರೆದು ಕಳಿಸಬೇಕು. ಮುಂದೆ ಏನು ಬೇಕು, ಯಾಕೆ ಬೇಕು ಎಂಬುದು ಅದರಲ್ಲಿ ಸ್ಪಷ್ಟವಿಲ್ಲದಿದ್ದರೆ ವರದಿ ವಾಪಸು, ಚಿಕಿತ್ಸೆ ಅಲ್ಲಿಗೇ ನಿಂತಂತೆ.

ಆಗಸ್ಟಿನ ಒಂದು ಶುಕ್ರವಾರ ನಾವು ಎಂಟು ಮಂದಿ ಆಪ್ತಸಮಾಲೋಚಕರು ಅವರ ತರಗತಿಗೆ ಸೇರಿದ್ದೆವು. ಮೇಜಿನ ಮೇಲೆ ಚೀಸ್ ಸ್ಕೋನ್ ಎಂಬ ಮೆತ್ತನೆಯ ಬನ್ನುಗಳು, ಮಿಸೆಸ್ ಹ್ಯಾಡೋ ಕೈಯಲ್ಲಿ ಕೆಂಪು ಪೆನ್ಸಿಲ್. ಭೀಮನಿಗೆ ಗದೆ ಹೇಗೋ ಅವರಿಗೆ ಅದು ಹಾಗೆ. ಹತ್ತೂವರೆಯೊಳಗೆ ವಿಶೇಷಣಗಳ ಅಕ್ಷೋಹಿಣಿಯೇ ನೆಲಕಚ್ಚಿತ್ತು. ‘ಸಮಗ್ರ’ ಎಂಬ ಮಹಾರಥಿ ಏಳು ಸಲ ಸತ್ತಿದ್ದ.

ಮುಂದಿನ ಸರದಿ ಟಿಪೆನೆಯದು. ನಲವತ್ತರ ಭಾರಿ ಆಳು, ರಗ್ಬಿಯಲ್ಲಿ ಜಜ್ಜಿಹೋದ ಕಿವಿ. ಒಂದು ಕಾಲದಲ್ಲಿ ಇದೇ ಟೀಚರ ಶಿಷ್ಯ. ತಂದದ್ದು ಹನ್ನೊಂದು ಪುಟ. ಚಿಕಿತ್ಸೆಗೆ ಬಂದ ಹೆಂಗಸಿನ ಹೆಸರು ಅಳಿಸಿದ್ದ. ಆಕೆಯ ಒಪ್ಪಿಗೆಯನ್ನೂ ಪಡೆದಿದ್ದ.

ಒಂಬತ್ತು ಪುಟ ಓದಿ ಮಿಸೆಸ್ ಹ್ಯಾಡೋ ಪೆನ್ಸಿಲ್ ಕೆಳಗಿಟ್ಟರು. ಅದು ಅಪಶಕುನ.

“ಅವರಿಗೆ ಏನೇನಾಯ್ತು ಅಂತಲೇ ಒಂಬತ್ತು ಪುಟ ಇದೆಯಲ್ಲೋ. ಇದನ್ನೆಲ್ಲ ಗುರುತುಪರಿಚಯ ಇಲ್ಲದೋರು ಓದ್ಬೇಕಾ?”

“ನಂಬಲಿ ಅಂತ, ಮಿಸೆಸ್ ಹ್ಯಾಡೋ.”

“ಈಗ ಅವರಿಗೇನು ಬೇಕು?”

“ಹತ್ತನೇ ಪುಟದಲ್ಲಿದೆ. ‘ಭಾವನಾತ್ಮಕ ಸ್ಥಿರತೆಯ ಸಮಗ್ರ ಸುಧಾರಣೆ’.”

“ಹಾಗಂದ್ರಾ ಅವರು?”

ಟಿಪೆನೆ ಕಿವಿ ಉಜ್ಜಿಕೊಂಡ. “ಇಲ್ಲ. ನವೆಂಬರಲ್ಲಿ ಅವರಜ್ಜಿಯ ಸಮಾಧಿಕಲ್ಲಿನ ಮುಸುಕು ತೆಗೆಯೋ ಶಾಸ್ತ್ರ ಇದೆ. ಹಿಂದಿನ ರಾತ್ರಿ ನಮ್ಮ ಜನರ ಪದ್ಧತಿ ಹಾಗೆ ನೆಂಟರೆಲ್ಲ ಕುಲದ ಸಭಾಮನೆ ಒಳಗೆ ಸಾಲಾಗಿ ಹಾಸಿಗೆ ಹಾಕ್ಕೊಂಡು ಮಲಗ್ತೀವಲ್ಲ. ಹಾಗೆ ಹತ್ತಿರ ಜನ ಇದ್ರೆ ಅವರಿಗೆ ಉಸಿರು ಕಟ್ಟುತ್ತೆ. ಅಜ್ಜಿ ಸತ್ತಾಗ್ಲೂ ಎಲ್ಲ ಹಾಗೇ ಒಳಗೆ ಮಲಗಿದ್ರೆ, ಇವರು ಮೂರು ರಾತ್ರಿ ಹೊರಗೆ ಕಾರಲ್ಲೇ ಕೂತಿದ್ರು. ಈ ಸಲ ಒಳಗಿರ್ಬೇಕು ಅಂತಾರೆ.”

“ಅದನ್ನ ಎಲ್ಲಿ ಬರ್ದಿದ್ದೀಯ?”

“ಅದು ವರದಿ ಭಾಷೆ ಅಲ್ಲ ಅನ್ನಿಸ್ತು.”

“ಆರು ವರ್ಷದವನಿದ್ದಾಗ ‘ನಂಗೆ ನಾಯಿ ಬೇಕು’ ಅಂತ ಬರ್ದಿದ್ದೆ. ಊರಿಗೆಲ್ಲ ಅರ್ಥ ಆಗಿತ್ತು. ಆಮೇಲೆ ಓದಿ ಕೆಟ್ಟೆ.”

“ನಾಯಿ ಸಿಗ್ಲಿಲ್ಲ, ಮಿಸೆಸ್ ಹ್ಯಾಡೋ.”

“ಯಾಕೆ ಬೇಕು ಅಂತ ಬರೀಲಿಲ್ವಲ್ಲ. ಈಗ ಬರಿ.”

ಊಟದ ಹೊತ್ತಿಗೆ ಹನ್ನೊಂದು ಪುಟ ಎರಡಾಗಿತ್ತು. ನಡೆದದ್ದಕ್ಕೆ ಮೂರು ಸಾಲು. ಉಳಿದದ್ದೆಲ್ಲ ನವೆಂಬರಿನ ಆ ರಾತ್ರಿ, ಅಲ್ಲಿಗೆ ಮುಟ್ಟಲು ಬೇಕಾದ ಭೇಟಿಗಳು.

ಆದರೆ ವರದಿ ನೇರ ಕಚೇರಿಗೆ ಹೋಗುವಂತಿಲ್ಲ. ಮೊದಲು ಅದು ಯಾರ ಕುರಿತದ್ದೋ ಅವರ ಕೈಗೇ ಹೋಗಬೇಕು, ಜೊತೆಗೆ ಕೆಂಪು ಪೆನ್ಸಿಲ್. ಇದು ಮಿಸೆಸ್ ಹ್ಯಾಡೋ ಕಾನೂನು. ಚಿಕಿತ್ಸೆಗೆ ಬಂದ ಆಕೆ ವರದಿಯಲ್ಲಿದ್ದ ‘ಬಾಗಿಲ ಹತ್ತಿರ ಹಾಸಿಗೆ’ ಎಂಬುದರ ಮುಂದೆ ಸೇರಿಸಿದರು: ‘ಚಿಕ್ಕಮ್ಮನ ಪಕ್ಕ. ಅವರ ಗೊರಕೆಗೆ ಹೆದರಿ ಯಾರೂ ಆ ಕಡೆ ಬರುವುದಿಲ್ಲ.’ ಹಾಗೆಯೇ ಕಳಿಸಿದರು. ಮೂರನೇ ವಾರಕ್ಕೆ ಮಂಜೂರಾಯಿತು.

ಡಿಸೆಂಬರಿನ ತರಗತಿಗೆ ಟಿಪೆನೆ ತಾನೇ ಸ್ಕೋನ್ ಮಾಡಿ ತಂದ. ನವೆಂಬರಿನ ಆ ರಾತ್ರಿಯ ಸುದ್ದಿಯನ್ನೂ ತಂದಿದ್ದ; ನಮಗೆ ತಿಳಿಸಲು ಆಕೆಯೇ ಹೇಳಿದ್ದರಂತೆ.

“ಮಲಗಿದ್ರಾ?” ಎಂದರು ಮಿಸೆಸ್ ಹ್ಯಾಡೋ.

“ಇಲ್ಲ. ಚಿಕ್ಕಮ್ಮನ ಗೊರಕೆಗೆ ಕಣ್ಣೇ ಮುಚ್ಚಲಿಲ್ಲವಂತೆ. ಬೆಳಗಿನ ತನಕ ಒಳಗೇ ಇದ್ರು.”

“ವರದಿಲಿ ಏನಂತ ಬರ್ದಿದ್ದೆ?”

“‘ಒಳಗಿರಬೇಕು’ ಅಂತ.”

“ನೋಡು,” ಎಂದರು ಮಿಸೆಸ್ ಹ್ಯಾಡೋ, ಅವನ ಸ್ಕೋನನ್ನು ಮೇಜಿಗೆ ಒಮ್ಮೆ ಬಡಿದು ಪರೀಕ್ಷಿಸುತ್ತ. “ಬರೆಯೋದು ಕಲಿತೆ. ಅಡುಗೆ ಬೇರೆಯವರ ಹತ್ರ ಕಲ್ತುಕೋ.”