ಕೀಲಿಕೈ ಸದ್ದು

“ಅದೇ ಪುಟ ಇನ್ನೊಂದ್ಸಲ ಓದಿ ಅಕ್ಕಾ,” ಎಂದಳು ಪಕ್ಕದ ಸೀಟಿನಲ್ಲಿದ್ದ ಮೀನು ಮಾರುವ ಹೆಂಗಸು. ಕಾರವಾರದಿಂದ ಅಂಕೋಲೆಗೆ ಹೊರಟ ಬಸ್ಸಿನಲ್ಲಿ ನಾನು ಓದುತ್ತಿದ್ದುದು, ಮೂರ್ಛೆರೋಗವಿದ್ದ ಮಹಿಳೆಯೊಬ್ಬರು ತಮ್ಮ ಶಾಲಾದಿನಗಳ ಬಗ್ಗೆ ಬರೆದ ಪುಸ್ತಕ. ಏನು ಕಥೆ ಎಂದು ಅವಳು ಕೇಳಿದ್ದಕ್ಕೆ ಒಂದು ಪುಟ ಓದಿ ಹೇಳಿದ್ದೆ.

ತರಗತಿಯಲ್ಲಿ ಮೂರ್ಛೆ ಬಂದು ಬಿದ್ದಾಗ ಯಾರೋ ಲೇಖಕಿಯ ಕೈಗೆ ಕೀಲಿಕೈ ಗೊಂಚಲು ಹಿಡಿಸಿದ್ದರಂತೆ. ಮರುದಿನದಿಂದ ಎದುರಾದರೆ ಸಾಕು, ಸಹಪಾಠಿಗಳು ಕೀಲಿಕೈ ಅಲ್ಲಾಡಿಸಿ ನಗುತ್ತಿದ್ದರಂತೆ. ತಾನು ಅತ್ತೆನೆಂದು ಆಕೆ ಎಲ್ಲೂ ಬರೆದಿರಲಿಲ್ಲ. ಆ ಸದ್ದನ್ನಷ್ಟೇ ಬರೆದಿದ್ದರು.

ಎರಡನೇ ಸಲ ಕೇಳಿ ಅವಳು ಕಿಟಕಿಯತ್ತ ತಿರುಗಿದಳು. “ನನ್ನ ಮಗ್ಳಿಗೂ ಇದೇ ಕಾಯಿಲೆ. ಶಾಲೇಲಿ ಕೀಲಿಕೈ ಸದ್ದು ಮಾಡ್ತರು ಅಂತ ಹೇಳ್ತಿತ್ತು. ಶಾಲೆ ತಪ್ಪಿಸೂಕೆ ಸುಳ್ಳು ಹೇಳ್ತದೆ ಅಂದ್ಕಂಡು ಬೈದಿದ್ದೆ.”

ಹೆತ್ತ ಮಗಳ ಮಾತು ನಂಬಲು ಯಾರದೋ ಪುಸ್ತಕ ಬೇಕಾಯಿತೇ ಎಂದು ನನಗೆ ಸಿಟ್ಟೇ ಬಂತು.

ಅಂಕೋಲೆಯ ನಿಲ್ದಾಣದಲ್ಲಿ ಸಮವಸ್ತ್ರದ ಹುಡುಗಿಯೊಬ್ಬಳು ತಾಯಿಗಾಗಿ ಕಾಯುತ್ತಿದ್ದಳು. ಇಳಿಯುವ ಮೊದಲು ಈಕೆ ಸೊಂಟಕ್ಕೆ ಸಿಕ್ಕಿಸಿದ್ದ ಮನೆಯ ಕೀಲಿಕೈ ಗೊಂಚಲನ್ನು ತೆಗೆದು, ಸೆರಗಿನಲ್ಲಿ ಸುತ್ತಿ, ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು. ಖಾಲಿ ಬುಟ್ಟಿ ಹೊತ್ತು ಮಗಳ ಹತ್ತಿರ ನಡೆದು ಹೋದಾಗ ಚೂರೂ ಸದ್ದಾಗಲಿಲ್ಲ.