ಒಸಡಿನ ಬಣ್ಣದ ಬಾಗಿಲು

ಐವತ್ತೆರಡು ತುಂಬಿದರೂ ಮನೆಯಲ್ಲಿ ಅವಳು ಪುಟ್ಟಿಯೇ. ಹಾಗೆ ಕರೆಯುತ್ತಿದ್ದವಳು ಅಕ್ಕ ಒಬ್ಬಳೇ. ನಾಲ್ಕು ತಿಂಗಳಿಂದ ಆ ಅಕ್ಕನಿಗೂ ಹೆಸರು ಬಾಯಿಗೆ ಬರುತ್ತಿರಲಿಲ್ಲ.

ಪುಟ್ಟಿಯ ಕೆಲಸ ಒಂದು ಡೆಂಟಲ್ ಲ್ಯಾಬಿನಲ್ಲಿ ಹಲ್ಲಿನ ಸೆಟ್ ಮಾಡುವುದು. ದಂತವೈದ್ಯರು ಅಳತೆ ತೆಗೆದು ಕಳಿಸಿದ ಬಾಯಿಗಳು ಪ್ಲಾಸ್ಟರ್ ಅಚ್ಚುಗಳಾಗಿ ಅವಳ ಮೇಜಿನ ಮೇಲೆ ಸಾಲಾಗಿ ಕೂತಿರುತ್ತಿದ್ದವು. ಮೇಣದಲ್ಲಿ ಒಸಡು ಮಾಡಿ ಹಲ್ಲು ಕೂರಿಸಬೇಕು, ಆಮೇಲೆ ಮೇಣ ಕರಗಿಸಿ ತೆಗೆದು ಆ ಜಾಗಕ್ಕೆ ಅಕ್ರಿಲಿಕ್ ಅನ್ನುವ ಗುಲಾಬಿ ಪ್ಲಾಸ್ಟಿಕ್ ತುಂಬಿ ಬೇಯಿಸಬೇಕು, ಕೊನೆಗೆ ಉಜ್ಜಿ ಹೊಳಪು ಕೊಡಬೇಕು. ಇಪ್ಪತ್ತೇಳು ವರ್ಷದಿಂದ ಇದೇ. ಊರಿನ ಅರ್ಧ ಮುದುಕರು ಅವಳ ಕೈಯ ಹಲ್ಲಿನಲ್ಲೇ ಅಗಿಯುತ್ತಿದ್ದರು, ಒಬ್ಬರ ಮುಖವೂ ಅವಳಿಗೆ ಗೊತ್ತಿರಲಿಲ್ಲ. ಸಂಜೆ ಮನೆಗೆ ಬರುವಾಗ ಮೂಗಲ್ಲಿ ಬಿಳಿ ಪುಡಿ, ಉಗುರಿನ ಸಂದಿಯಲ್ಲಿ ಗುಲಾಬಿ ಪುಡಿ. ಸೊಂಟದ ಸುದ್ದಿ ಎತ್ತುವುದೇ ಬೇಡ.

ಅಕ್ಕ ಬಸ್ ಕಂಡಕ್ಟರ್ ಆಗಿದ್ದವಳು, ಮೂವತ್ತೊಂದು ವರ್ಷ. ಅವಳು ಹಿಂಬಾಗಿಲಲ್ಲಿ ನಿಂತು "ಮುಂದೆ ಹೋಗಿ!" ಅಂದರೆ ಡ್ರೈವರೂ ಸೀಟಲ್ಲಿ ಒಂದಿಷ್ಟು ಮುಂದಕ್ಕೆ ಸರಿಯುತ್ತಾನೆ ಅಂತ ಡಿಪೋದಲ್ಲಿ ತಮಾಷೆ ಮಾಡುತ್ತಿದ್ದರು. ನಿವೃತ್ತಿಯಾದ ಎರಡನೇ ವರ್ಷ ಒಂದು ಬೆಳಿಗ್ಗೆ ಬಚ್ಚಲಲ್ಲಿ ಕುಸಿದಳು. ಪಾರ್ಶ್ವವಾಯು. ಬಲಗೈ, ಬಲಗಾಲು, ಮಾತು ಮೂರೂ ಒಟ್ಟಿಗೆ ಹೋದವು. ಉಳಿದದ್ದು ಒಂದೇ ಮಾತು, "ಮುಂದೆ." ನೀರು ಬೇಕಾದರೂ ಮುಂದೆ, ಕಿಟಕಿ ಹಾಕಬೇಕಾದರೂ ಮುಂದೆ. ಅದೂ ಎಷ್ಟು ಸಣ್ಣ ದನಿಯೆಂದರೆ ಅಡುಗೆಮನೆಯಲ್ಲಿ ನಲ್ಲಿ ಬಿಟ್ಟರೆ ಕೇಳಿಸುತ್ತಿರಲಿಲ್ಲ.

ಹಗಲು ನೋಡಿಕೊಳ್ಳಲು ಒಬ್ಬ ಹೆಂಗಸು ಬರುತ್ತಿದ್ದಳು. ಪುಟ್ಟಿ ಚಪ್ಪಲಿ ಬಿಡುವುದಕ್ಕೂ ಅವಳು ಚಪ್ಪಲಿ ಮೆಟ್ಟುವುದಕ್ಕೂ ಸರಿಹೋಗುತ್ತಿತ್ತು. ಅಲ್ಲಿಂದ ಮುಂದಿನದೆಲ್ಲ ಪುಟ್ಟಿಯ ಪಾಳಿ. ಅಡುಗೆಮನೆಯಲ್ಲಿ ಇದ್ದಾಗ ಎರಡು ನಿಮಿಷಕ್ಕೊಮ್ಮೆ ಕೈ ಒರೆಸಿಕೊಂಡು ಹೋಗಿ ಇಣುಕಬೇಕು. ಇಣುಕಿದಾಗ ಅಕ್ಕನಿಗೆ ಏನೂ ಬೇಕಿರುತ್ತಿರಲಿಲ್ಲ. ತಿರುಗಿ ಬಂದ ಕೂಡಲೇ ಬೇಕಾಗುತ್ತಿತ್ತು.

ಮೇಜಿನ ಮೇಲೆ ಇಡುವಂಥ ಹಿತ್ತಾಳೆ ಗಂಟೆಯೊಂದನ್ನು ಪುಟ್ಟಿ ತಂದುಕೊಟ್ಟಳು. ಅಕ್ಕ ಅದನ್ನು ಎಡಗೈಯಲ್ಲಿ ಎತ್ತಿ ಕಿಟಕಿಯಾಚೆ ಎಸೆದಳು. ಒತ್ತಿದರೆ ಹಕ್ಕಿಯ ಹಾಗೆ ಕೂಗುವ ಕರೆಂಟ್ ಬೆಲ್ ತಂದಳು, ಅದು ಹಾಸಿಗೆಯ ಕೆಳಗೆ ಸೇರಿತು.

"ಗಂಟೆ ಹೊಡೆದು ಕರೆಯೋಕೆ ಪುಟ್ಟಿಯೇನು ಆಳಾ ಅಂತ ತಾನೇ ನಿನ್ನ ಯೋಚನೆ?" ಅಂದಳು ಪುಟ್ಟಿ. "ನಂಗೇ ಬೇಜಾರಿಲ್ಲ ಕಣೇ, ನಿಂಗ್ಯಾಕೆ?"

ಅಕ್ಕ ಗೋಡೆಯ ಕಡೆ ಮುಖ ತಿರುಗಿಸಿದಳು.

ಅಷ್ಟರಲ್ಲಿ ಮಹಡಿಯವರು ಮನೆ ಖಾಲಿ ಮಾಡಿದರು. ಬೇಡದ್ದನ್ನೆಲ್ಲ ರಟ್ಟಿನ ಪೆಟ್ಟಿಗೆಗೆ ತುಂಬಿ ಮೆಟ್ಟಿಲ ಬುಡದಲ್ಲಿ ಬಿಟ್ಟುಹೋದರು. ಅದರಲ್ಲಿ ಒಂದು ಆಟದ ಬಂದೂಕಿತ್ತು. ಹಿಡಿಯನ್ನು ಹಿಂದಕ್ಕೆಳೆದರೆ ಸ್ಪ್ರಿಂಗ್ ಬಿಗಿಯಾಗುತ್ತದೆ, ಕುದುರೆ, ಅಂದರೆ ಟ್ರಿಗರ್, ಒತ್ತಿದರೆ ಗಾಳಿ ನುಗ್ಗಿ, ಬೆರಳುದ್ದದ ಮೆತ್ತನೆ ಫೋಮ್ ಬಾಣ, ಅಂದರೆ ಡಾರ್ಟ್, ಹಾರುತ್ತದೆ. ಪುಟ್ಟಿ ಅದನ್ನು ಸುಮ್ಮನೆ ಅಕ್ಕನ ಹಾಸಿಗೆಯ ಮೇಲಿಟ್ಟು ಹಾಲು ಕಾಯಿಸಲು ಹೋದಳು. ಒಲೆ ಹಚ್ಚುತ್ತಿದ್ದಾಗ ಬೆನ್ನಿಗೆ ಠಪ್ ಅಂತ ಏನೋ ಬಿತ್ತು. ತಿರುಗಿದರೆ, ತೆರೆದ ಬಾಗಿಲಾಚೆ ಹಾಸಿಗೆಯಲ್ಲಿ ಒರಗಿ ಕೂತಿದ್ದ ಅಕ್ಕ ನಗುತ್ತಿದ್ದಳು. ಬಾಯಿ ಒಂದೇ ಕಡೆ ಅರಳಿತ್ತು, ಆದರೂ ನಗು ನಗುವೇ. ನಾಲ್ಕು ತಿಂಗಳಲ್ಲಿ ಮೊದಲನೆಯದು.

ಕರೆಯಲು ಇದೇ ಆಗಲಿ ಅಂದುಕೊಂಡಳು ಪುಟ್ಟಿ. ಆದರೆ ಒಂದು ತೊಡಕಿತ್ತು. ಡಾರ್ಟನ್ನು ನಳಿಕೆಯ ಬಾಯಿಯಿಂದ, ಅಂದರೆ ಮುಂದಿನಿಂದ ತುರುಕಬೇಕು. ಒಂದೇ ಕೈಯವಳು ಬಂದೂಕನ್ನು ಮೊಣಕಾಲ ನಡುವೆ ಸಿಕ್ಕಿಸಿಕೊಂಡು, ನಳಿಕೆ ತನ್ನ ಮುಖಕ್ಕೇ ತಿರುಗಿಸಿ ತುಂಬುತ್ತಿದ್ದಳು. ಮೂರನೇ ದಿನ ಅದು ಹಾರಿ ಕನ್ನಡಕಕ್ಕೆ ಬಡಿಯಿತು. ಪುಟ್ಟಿ ಬಂದೂಕನ್ನು ಒಂದು ಹಲಗೆಗೆ ಸ್ಕ್ರೂ ಹಾಕಿ, ಹಲಗೆಯನ್ನು ಮಂಚದ ಪಕ್ಕದ ಮೇಜಿಗೆ ಬಿಗಿದು, ನಳಿಕೆಯನ್ನು ಅಡುಗೆಮನೆಯ ಕಡೆ ತಿರುಗಿಸಿದಳು. ಡಾರ್ಟ್ ಬಡಿದರೆ ಸದ್ದಾಗಲಿ ಅಂತ ಅಲ್ಲಿ ಸಿಂಕಿನ ಮೇಲೆ ಒಂದು ಸ್ಟೀಲ್ ಮುಚ್ಚಳ ತೂಗುಹಾಕಿದಳು. ಕಣ್ಣಿಗೇನೋ ಅಪಾಯ ತಪ್ಪಿತು, ಆದರೆ ಈಗ ನಳಿಕೆಯ ಬಾಯಿ ಅಕ್ಕನ ಕೈಗೆ ಎಟುಕುತ್ತಿರಲಿಲ್ಲ. ಹಿಡಿ ಎಳೆಯುವುದೂ ಅವಳಿಗೆ ಭಾರ ಅಂತ ಪುಟ್ಟಿ ಒಳಗಿನ ಸ್ಪ್ರಿಂಗ್ ತೆಗೆದು ಮೆತ್ತನೆಯದು ಹಾಕಿದಳು. ಆಗ ಡಾರ್ಟ್ ಹೊಸಿಲು ದಾಟದೆ ಬಿತ್ತು.

ಲ್ಯಾಬಿಗೆ ಹೋಗುವ ಬಸ್ಸಿನಲ್ಲಿ ಅವಳು ಫೋನಿನಲ್ಲಿ ವಿಡಿಯೋ ನೋಡಿದಳು. ಇಂಥ ಬಂದೂಕುಗಳನ್ನು ಬಿಚ್ಚಿ ಮಾರ್ಪಾಡು ಮಾಡುವವರು ಎಷ್ಟೋ ಜನರಿದ್ದರು, ಎಲ್ಲ ಮೀಸೆ ಬಂದ ಗಂಡಸರೇ. ನಳಿಕೆಯ ಹಿಂಭಾಗದಲ್ಲಿ ಕಿಂಡಿ ಕೊರೆದು, ಅಲ್ಲಿ ಡಾರ್ಟ್ ಇಟ್ಟು, ಮೇಲೆ ಜಾರುವ ಕೊಳವೆಯಿಂದ ಕಿಂಡಿ ಮುಚ್ಚುತ್ತಾರೆ. ಅದಕ್ಕೆ ಬ್ರೀಚ್ ಅನ್ನುತ್ತಾರೆ. ಗಾಳಿ ಒಂದಿಷ್ಟೂ ಸೋರದಿದ್ದರೆ ಮೆತ್ತನೆ ಸ್ಪ್ರಿಂಗೂ ಸಾಕು. ಬ್ರೀಚ್ ಗೀಚ್ ಎಲ್ಲ ಯಾಕೆ, ಬಾಗಿಲು ಅಂದರಾಯಿತು ಅಂದುಕೊಂಡಳು ಪುಟ್ಟಿ. ಸೋರದ ಹಾಗೆ ಒಂದರ ಮೇಲೊಂದು ಕೂರಿಸುವುದೇ ತಾನೇ ತನ್ನ ಹೊಟ್ಟೆಪಾಡು?

ಹೊಸ ನಳಿಕೆಗೆ ಹಳೆಯ ಪರದೆಯ ಟೊಳ್ಳು ಸರಳಿನ ತುಂಡೊಂದು ಸಿಕ್ಕಿತು, ಡಾರ್ಟ್ ಅದರೊಳಗೆ ಅಳತೆಗೆ ಹೊಂದಿತು. ಊಟದ ಬಿಡುವಿನಲ್ಲಿ, ಹಲ್ಲು ಕತ್ತರಿಸುವ ಸಣ್ಣ ಚಕ್ರದಿಂದ ಅದರಲ್ಲಿ ಡಾರ್ಟಿನಷ್ಟು ಉದ್ದದ ಕಿಂಡಿ ಕೊರೆದಳು. ಮೇಲಿನ ಜಾರು ಕೊಳವೆಗೆ ಸರಳಿನ ಮೇಲೆಯೇ ಅಕ್ರಿಲಿಕ್ ಹಚ್ಚಿ, ಪ್ಲಾಸ್ಟರಿನಲ್ಲಿ ಹೂತು, ಯಾರದೋ ಮೇಲ್ದವಡೆಯ ಜೊತೆ ಬೇಯಲು ಇಟ್ಟಳು. ಬೆಂದಮೇಲೆ ಅಕ್ರಿಲಿಕ್ ಒಂದು ಕೂದಲಷ್ಟು ಕುಗ್ಗುತ್ತದೆ. ಇದು ಅವಳಿಗೆ ಗೊತ್ತಿಲ್ಲದ್ದಲ್ಲ, ದಣಿವಿನಲ್ಲಿ ಮರೆತಿದ್ದಳು. ಕೊಳವೆ ಸರಳನ್ನು ಕಚ್ಚಿಕೊಂಡು ಕೂತಿತು. ಸುತ್ತಿಗೆಯಿಂದ ಒಡೆಯಬೇಕಾಯಿತು.

ಎರಡನೇ ಸಲ ನಡುವೆ ತೆಳ್ಳನೆ ಮೇಣದ ಹಾಳೆ ಸುತ್ತಿ ಬೇಯಿಸಿ, ಆರಲು ಕಿಟಕಿಯ ಹತ್ತಿರ ಬಿಟ್ಟಳು. ಮರುದಿನ ನೋಡಿದರೆ ಅಲ್ಲಿರಲಿಲ್ಲ. ಮಧ್ಯಾಹ್ನ ಲ್ಯಾಬಿನ ಯಜಮಾನರು ಫೋನ್ ಕೈಯಲ್ಲಿ ಹಿಡಿದುಕೊಂಡೇ ಅವಳ ಮೇಜಿಗೆ ಬಂದರು.

"ಏನಮ್ಮಾ, ಕ್ಲಿನಿಕ್‌ನಿಂದ ಫೋನು. ಯಾರೋ ತಾತನ ಕೆಳಗಿನ ಸೆಟ್ ಬದಲು ಗುಲಾಬಿ ಪೈಪ್ ಬಂದಿದೆಯಂತೆ. ತಾತ ಬಾಯಿ ತೆರೆದುಕೊಂಡು ಕುರ್ಚಿಯಲ್ಲಿ ಕೂತಿದ್ದಾರಂತೆ."

ಪುಟ್ಟಿ ತಲೆ ಎತ್ತಲಿಲ್ಲ. "ಪೈಪ್ ನಂದು ಸಾರ್."

"ನಿಮ್ದಾ? ಯಾವ ಬಾಯಿಗೆ ಇದು?"

ಹೇಳಿದಳು. ಬಂದೂಕು, ಕಿಂಡಿ, ಅಕ್ಕ, ಎಲ್ಲ. ಹೇಳುತ್ತಾ ಹೇಳುತ್ತಾ ತನಗೇ ಇದೊಂದು ಹುಚ್ಚಾಟ ಅನ್ನಿಸಿತು. ಬೈದರೆ ಬೈಸಿಕೊಳ್ಳೋಣ ಅಂತ ಕೈಯಲ್ಲಿದ್ದ ಹಲ್ಲನ್ನೇ ನೋಡುತ್ತಾ ಕೂತಳು.

ಯಜಮಾನರು ಫೋನನ್ನು ಜೇಬಿಗೆ ಹಾಕಿಕೊಂಡರು. "ನಿಮ್ಮಕ್ಕ ಅಂದರೆ, ಆ ಉದ್ದ ರೂಟಿನ ಬಸ್ಸಲ್ಲಿ ಇದ್ದ ಕಂಡಕ್ಟರಮ್ಮನಾ? ಕಾಲೇಜಿಗೆ ಹೋಗುವಾಗ ನನ್ನನ್ನ ಮೆಟ್ಟಿಲ ಮೇಲೆ ನಿಂತೆ ಅಂತ ಎರಡು ಸಲ ಕೆಳಗಿಳಿಸಿದ್ದಾರೆ."

"ಅವಳೇ ಸಾರ್."

"ತಾತನ ಸೆಟ್ ಇವತ್ತೇ ಕಳಿಸಿಬಿಡಿ," ಅಂದು ಅವರು ಹೊರಟರು. ಬಾಗಿಲ ಹತ್ತಿರ ನಿಂತು, "ಮೇಣ ಹಾಕಿದ್ರೆ ಸಡಿಲ ಆಗುತ್ತೆ. ಬಿಗಿಯಾಗಿ ಬೇಯಿಸಿ ಆಮೇಲೆ ಉಜ್ಜಿ," ಅಂದರು.

ಸಂಜೆ ವಾಪಸು ಬಂದ ಎರಡನೇ ಕೊಳವೆಯನ್ನು ಹಾಕಿ ನೋಡಿದಳು. ಅವರಂದದ್ದು ನಿಜ, ಗಾಳಿ ಬುಸ್ ಅಂತ ಸೋರಿತು. ಮೂರನೆಯದಕ್ಕೆ ಸರಳಿನ ಮೇಲೆ ಬರೀ ವ್ಯಾಸಲಿನ್ ಸವರಿ, ಪೂರ್ತಿ ಗಟ್ಟಿಯಾಗುವ ಮೊದಲೇ ಬಿಡಿಸಿಕೊಂಡು ಆಮೇಲೆ ಬೇಯಿಸಿದಳು. ಹೊಳಪು ಕೊಡುವ ಪುಡಿಯನ್ನು ನೀರಲ್ಲಿ ಕಲಸಿ ಹಚ್ಚಿ, ಹಿಂದೆ ಮುಂದೆ, ಹಿಂದೆ ಮುಂದೆ, ಒಂದು ವಾರದ ಊಟದ ಬಿಡುವೆಲ್ಲ ಉಜ್ಜಿದಳು. ರಬ್ಬರ್ ಗ್ಲೌಸಿನ ಬೆರಳನ್ನು ಉಂಗುರವಾಗಿ ಕತ್ತರಿಸಿ ಎರಡೂ ತುದಿಗೆ ಕೂರಿಸಿದಳು. ಕೊಳವೆಯ ಬೆನ್ನ ಮೇಲೆ ಅಕ್ಕನ ಎಡಗೈ ಹೆಬ್ಬೆರಳು ಕೂರುವಂತೆ ಒಂದು ಗುಳಿ ಮಾಡಿದಳು. ಆ ಹೆಬ್ಬೆರಳ ಅಳತೆಯನ್ನು ಮೇಣದಲ್ಲಿ ತೆಗೆಯುವಾಗ ಅಕ್ಕ, ಡಾಕ್ಟರಿಗೆ ಕೈ ಕೊಟ್ಟ ಮಗುವಿನ ಹಾಗೆ ಮುಖ ಗಂಟಿಕ್ಕಿಕೊಂಡಿದ್ದಳು.

ಭಾನುವಾರ ಇಬ್ಬರೂ ಸೇರಿ ಅದನ್ನು ಬಂದೂಕಿಗೆ ಕೂರಿಸಿದರು. ಅಕ್ಕ ಹೆಬ್ಬೆರಳಿನಿಂದ ಗುಲಾಬಿ ಬಾಗಿಲನ್ನು ಹಿಂದಕ್ಕೆ ಸರಿಸಿದಳು, ಡಾರ್ಟ್ ಇಟ್ಟಳು, ಮುಚ್ಚಿದಳು. ಹಿಡಿ ಎಳೆದು ಕುದುರೆ ಒತ್ತಿದಳು. ಟಣ್! ಸಿಂಕಿನ ಮೇಲಿನ ಮುಚ್ಚಳ ತೂಗಾಡಿತು.

"ಮುಂದೆ!" ಅಂದಳು ಅಕ್ಕ.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಆಮೇಲಿನ ಎರಡು ವಾರ ಪುಟ್ಟಿಗೆ ಸಾಕುಸಾಕಾಯಿತು. ತಲೆದಿಂಬು ಜಾರಿತು, ಟಣ್. ಫ್ಯಾನ್ ಜಾಸ್ತಿಯಾಯಿತು, ಟಣ್. ಕಡಿಮೆಯಾಯಿತು, ಟಣ್. ಹೋದರೆ ಏನೂ ಇಲ್ಲ, ಸುಮ್ಮನೆ ಹೊಡೆದದ್ದು. ಬಿದ್ದ ಡಾರ್ಟುಗಳನ್ನು ಸಿಂಕಿನಿಂದ, ಒಲೆಯ ಸಂದಿಯಿಂದ ಬಗ್ಗಿ ಬಗ್ಗಿ ಹೆಕ್ಕಬೇಕು. ಒಂದು ಸಂಜೆ, ಲ್ಯಾಬಿನಲ್ಲಿ ಹನ್ನೊಂದು ಸೆಟ್ ಮುಗಿಸಿ ಬಂದಿದ್ದಳು, ಹಿಟ್ಟು ಕಲಸುತ್ತಿದ್ದಾಗ ಆರನೇ ಸಲ ಟಣ್ ಅಂದಿತು.

ಹಿಟ್ಟಿನ ಕೈಯಲ್ಲೇ ಹೋಗಿ ನಿಂತಳು. "ನಾನೂ ಮನುಷ್ಯಳೇ ಕಣೇ ಅಕ್ಕ! ಬೆಳಗಿಂದ ಒಂದು ಕ್ಷಣ ಕೂತಿಲ್ಲ. ಇನ್ನೊಂದು ಸಲ ಹೊಡೆದರೆ ಅದನ್ನ ಕಿತ್ತು ಗಂಟೆ ಹೋದ ಕಡೆಗೇ ಎಸೀತೀನಿ."

ಆಮೇಲೆ ಮುಚ್ಚಳ ಸದ್ದು ಮಾಡಲಿಲ್ಲ. ಅಡುಗೆ ನಿರಾಳವಾಗಿ ಮುಗಿಯಿತು. ಊಟ ತೆಗೆದುಕೊಂಡು ಹೋದಾಗ ಹಾಸಿಗೆ ಒದ್ದೆಯಾಗಿತ್ತು. ಅಕ್ಕ ಕಣ್ಣು ಮುಚ್ಚಿಕೊಂಡಿದ್ದಳು, ನಿದ್ದೆ ಬಂದಿರಲಿಲ್ಲ.

ಪುಟ್ಟಿ ತಟ್ಟೆಯನ್ನು ಕೆಳಗಿಟ್ಟಳು. ಬಟ್ಟೆ ಬದಲಿಸಿದಳು, ಹಾಸಿಗೆ ಬದಲಿಸಿದಳು, ಬಿಸಿನೀರಲ್ಲಿ ಒರೆಸಿದಳು. ಅಷ್ಟು ದೊಡ್ಡ ಹೆಂಗಸನ್ನು ಆ ಕಡೆ ಈ ಕಡೆ ಹೊರಳಿಸುವಾಗ ಇಬ್ಬರಿಗೂ ಏದುಸಿರು ಬಂತು. ಆಮೇಲೆ ಉಗುರಿಗೆ ಹಚ್ಚುವ ಬಣ್ಣದ ಎರಡು ಸೀಸೆ ಹುಡುಕಿ ತಂದು, ಮಂಚದ ತುದಿಯಲ್ಲಿ ಕೂತು, ಡಾರ್ಟುಗಳ ಹಿಂಭಾಗಕ್ಕೆ ಬಳಿದಳು.

"ನೋಡು. ಕೆಂಪು ಅಂದರೆ ಈಗಲೇ ಬರಬೇಕು. ಎಂಥ ಕೆಲಸ ಇದ್ದರೂ ಬರ್ತೀನಿ, ಬೈಯೋದಿಲ್ಲ. ನೀಲಿ ಅಂದರೆ ಕೈ ಖಾಲಿಯಾದಾಗ. ಯಾವುದು ಬೇಕೋ ಆರಿಸಿ ಇಡು. ಬಾಗಿಲು ಇರೋದೇ ಅದಕ್ಕೆ."

ಅಕ್ಕ ಬಣ್ಣ ಬಳಿಯದೆ ಉಳಿದಿದ್ದ ಒಂದು ಡಾರ್ಟನ್ನು ಎತ್ತಿ ತೋರಿಸಿ ಹುಬ್ಬು ಹಾರಿಸಿದಳು.

"ಅದು ಏನೂ ಅಲ್ಲ. ಇಟ್ಟುಕೋ."

ಅಲ್ಲಿಂದ ಸ್ವಲ್ಪ ಹಗುರಾಯಿತು. ಕೆಂಪು ದಿನಕ್ಕೆ ಎರಡೋ ಮೂರೋ ಸಲ ಬರುತ್ತಿತ್ತು, ನೀಲಿ ನಾಲ್ಕೈದು ಸಲ. ಪುಟ್ಟಿ ಬಿದ್ದ ಡಾರ್ಟಿನ ಬಣ್ಣ ನೋಡಿ ಹೋಗುತ್ತಿದ್ದಳು, ಇಲ್ಲವೇ ನಿಧಾನಿಸುತ್ತಿದ್ದಳು. ದಣಿವೇನೂ ಕಡಿಮೆಯಾಗಲಿಲ್ಲ, ಎಷ್ಟು ದಣಿವು ಅನ್ನುವ ಲೆಕ್ಕ ಮಾತ್ರ ಸಿಕ್ಕಿತು.

ಒಂದು ತಿಂಗಳು ಕಳೆದಿರಬೇಕು. ಒಂದು ಸಂಜೆ ಪುಟ್ಟಿ ಸಿಂಕಿನ ಮುಂದೆ ಪಾತ್ರೆ ಹಿಡಿದು ನಿಂತಿದ್ದಳು. ನಲ್ಲಿ ಹರಿಯುತ್ತಿತ್ತು, ಅವಳು ತೊಳೆಯುತ್ತಿರಲಿಲ್ಲ. ಎಷ್ಟು ಹೊತ್ತು ಹಾಗೆ ನಿಂತಿದ್ದಳೋ. ಟಣ್ ಅಂದಾಗ ಬೆಚ್ಚಿದಳು. ಡಾರ್ಟ್ ಎತ್ತಿ ನೋಡಿದರೆ ಬಣ್ಣವೇ ಇರಲಿಲ್ಲ.

ಹೋಗಿ ಬಾಗಿಲಲ್ಲಿ ನಿಂತಳು. "ಏನೇ? ಏನು ಬೇಕು?"

ಅಕ್ಕ ತಲೆಯಾಡಿಸಿದಳು. ಏನೂ ಬೇಡ. ಎಡಗೈಯಿಂದ ಮಂಚದ ಪಕ್ಕದ ಕುರ್ಚಿ ತೋರಿಸಿದಳು. ಮಡಿಸಿಟ್ಟ ಬಟ್ಟೆ, ಔಷಧಿಯ ಚೀಲ ಅದರ ಮೇಲೆ ರಾಶಿ ಬಿದ್ದಿದ್ದವು. ಪುಟ್ಟಿ ಅವನ್ನು ತೆಗೆದು ಕೆಳಗಿಟ್ಟು ಕೂತಳು. ಅಕ್ಕ ಬಾಯಿ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು. 

"ಕೂ... ಕೂರು," ಅಂದಳು.

"ಕೂತಿದೀನಲ್ಲ," ಅಂದಳು ಪುಟ್ಟಿ. ಅಕ್ಕ ಹೊಸ ಮಾತೊಂದು ಆಡಿದಳೆಂದು ಹೊಳೆಯಲು ಒಂದು ಗಳಿಗೆ ಹಿಡಿಯಿತು. ಹೊಳೆದಾಗಲೂ ಸಂಭ್ರಮ ಪಡುವ ಶಕ್ತಿ ಇರಲಿಲ್ಲ. ಅಕ್ಕನ ಮೊಣಕೈ ಮೇಲೆ ಕೈಯಿಟ್ಟಳು, ಅಷ್ಟೇ. ಅಡುಗೆಮನೆಯಲ್ಲಿ ನಲ್ಲಿ ಹರಿಯುತ್ತಲೇ ಇತ್ತು. ಎದ್ದು ನಿಲ್ಲಿಸಬೇಕು ಅಂದುಕೊಳ್ಳುತ್ತಲೇ ಅವಳು ಕುರ್ಚಿಯಲ್ಲೇ ನಿದ್ದೆಹೋದಳು.

ಬೆಳಿಗ್ಗೆ ಎಚ್ಚರವಾದಾಗ ಟ್ಯಾಂಕಿನ ನೀರೆಲ್ಲ ಖಾಲಿ, ಅವಳ ಕತ್ತು ಹಿಡಿದುಕೊಂಡಿತ್ತು. ಹೆಗಲ ಮೇಲೆ ಅಕ್ಕನ ಹೊದಿಕೆಯ ಒಂದು ಮೂಲೆ ಇತ್ತು, ಒಂದೇ ಕೈಯಲ್ಲಿ ಎಳೆದು ಹೊದಿಸಲು ಆದಷ್ಟು. ಅವತ್ತು ಲ್ಯಾಬಿಗೆ ಅರ್ಧ ಗಂಟೆ ತಡವಾಗಿ ಹೋದಳು.