ಬೆನ್ನ ಹಿಂದಿನ ಬಲ್ಬು

ಹಾರೋಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಚಿಕ್ಕತಾಯಮ್ಮನ ಮಿಷಿನ್ನಿಗೆ ಸೂಜಿಯ ನೆತ್ತಿಯ ಮೇಲೇ ದೀಪವಿತ್ತು. ಮನೆಯ ಒಲೆಗೆ ಆ ಭಾಗ್ಯವಿರಲಿಲ್ಲ. ಒಲೆ ಪಶ್ಚಿಮದ ಗೋಡೆಗೆಂದು ವೈರಿಂಗ್ ಮುಗಿದು, ಬಲ್ಬೂ ಆ ಗೋಡೆಯ ಮೇಲೇ ಕೂತಿತ್ತು. ಗೃಹಪ್ರವೇಶಕ್ಕೆ ಮುಂಚೆ ವಾಸ್ತುವಿನವರು ಬಂದು ಒಲೆಯನ್ನು ಪೂರ್ವಕ್ಕೆ ಸಾಗಿಸಿದರು, ಬಲ್ಬನ್ನು ಯಾರೂ ಸಾಗಿಸಲಿಲ್ಲ. ಅಂದಿನಿಂದ ಅವಳ ಅಡುಗೆಯೆಲ್ಲ ತನ್ನದೇ ನೆರಳಿನಲ್ಲಿ. ಮುದ್ದೆಯಲ್ಲಿ ಗಂಟು ಸಿಕ್ಕರೆ ಬೈಗುಳ ಮಾತ್ರ ಅವಳಿಗೆ.

“ಬಲ್ಬ ಒಸಿ ಒಲೆ ಕಡೀಕ್ ಹಾಕ್ಸಿ ಅಂತ ಎಷ್ಟು ಕಿತ ಹೇಳ್ಲಿ?” ಎಂದು ಒಂದು ಸಂಜೆ ಗಂಡ ಸಿದ್ದರಾಜುವಿನ ಮೇಲೆ ರೇಗಿದಳು.

“ಹೊಸಾ ಗೋಡೆ ಒಡ್ಯಕ್ಕಾಯ್ತದಾ? ದೊಡ್ ಬಲ್ಬೇ ತತ್ತೀನಿ ಬುಡು,” ಎಂದ ಅವನು, ತಂದು ಹಳೆಯ ಹೋಲ್ಡರಿಗೇ ಹಾಕಿದ. “ಈಗ ಕಾಣ್ತದಾ?”

ಅಡುಗೆಮನೆಯೆಲ್ಲ ಝಗ್ಗೆಂದಿತು. ಪಾತ್ರೆಯ ಮೇಲಿನ ನೆರಳು ಇನ್ನಷ್ಟು ಕಪ್ಪಾಯಿತು.

“ಚೆಂದಾಗ್ ಕಾಣ್ತದೆ, ನನ್ ನೆಳ್ಳು,” ಎನ್ನುತ್ತ ಅವಳು ಮುದ್ದೆ ಕೋಲಿಗೆ ತಡಕಾಡಿದಳು.